ಒಂದು ಟಿಎಂಸಿಯ ಕೊನೆಯ ಎರಡು ಲೀಟರ್ ಅಳೆದವರು ಯಾರು?

ಗಂಗಾವತಿ ಗದ್ದೆ:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಒಂಬತ್ತನೇ ತರಗತಿಯಲ್ಲಿ ಓದುವ ಮಗಳದು. ಮೊನ್ನೆ ರಾತ್ರಿ ಪತ್ರಿಕೆ ಹಿಡಿದು ತುಂಗಭದ್ರಾ ಅಣೆಕಟ್ಟೆಗೆ ಎಷ್ಟು ನೀರು ಬಂದಿದೆ ಎಂದು ನೋಡುತ್ತಿದ್ದೆ. ಒಂದು ಟಿಎಂಸಿ ಎಂದರೆ ಎಷ್ಟು ಲೀಟರ್ ಅಪ್ಪಾ ಎಂದಳು. ಸುಮಾರು 2,831 ಕೋಟಿ ಎಂದೆ. ಸುಮಾರು ಬೇಡ, ಸರಿಯಾಗಿ ಹೇಳು ಎಂದಳು. ಮೊಬೈಲ್‌ನಲ್ಲಿ ಲೆಕ್ಕ ಹಾಕಿದರೆ 28,31,68,46,592 ಎಂದು ಬಂತು. ಅವಳು ಅದನ್ನೇ ದಿಟ್ಟಿಸಿ ನೋಡಿ, "ಮನೆಯ ಮೇಲಿನ ಟ್ಯಾಂಕ್‌ನಲ್ಲಿ ಈಗ ಎಷ್ಟು ನೀರಿದೆ ಎಂದು ನಿನಗೆ ಗೊತ್ತಿಲ್ಲ. ಇಷ್ಟು ದೊಡ್ಡ ನೀರಿನಲ್ಲಿ ಕೊನೆಯ ಎರಡು ಲೀಟರ್ ಯಾರು ಅಳೆದರು?" ಎಂದು ಕೇಳಿದಳು.

ಬೆಳಿಗ್ಗೆ ಹೋಟೆಲಿನಲ್ಲಿ ಈ ಮಾತು ಎತ್ತಿದೆ. ಕೊನೆಯ ಅಂಕಿಗಳೆಲ್ಲ ಸುಳ್ಳು, ಯಂತ್ರ ಬಾಯಿಗೆ ಬಂದದ್ದು ತುಂಬುತ್ತದೆ ಎಂದು ಒಬ್ಬರು ಹೇಳಿದರು. ಅಲ್ಲ, ಅದು ಸರಿಯಾದ ಸಂಖ್ಯೆಯೇ ಎಂದು ಇನ್ನೊಬ್ಬರು ಪಟ್ಟು ಹಿಡಿದರು. ಒಂದು ಪ್ಲೇಟ್ ಮಿರ್ಚಿ ಪಂದ್ಯಕ್ಕೆ ಬಿದ್ದಿದೆ. ತಿಳಿದವರು ತೀರ್ಪು ಕೊಡಬೇಕು.

ಕೊನೆಭಾಗದವನು:
ಮಾನ್ವಿ ಕಡೆಯ ನಮ್ಮ ಕಾಲುವೆಗೆ ಬಂದು ನೋಡಿ. ಇಲ್ಲಿ ಕೊನೆಯ ಎರಡು ಲೀಟರ್ ಅಳೆಯುವುದು ಬಹಳ ಸುಲಭ, ಏಕೆಂದರೆ ಬರುವುದೇ ಅಷ್ಟು.

ಬಳ್ಳಾರಿ ವಿದ್ಯಾರ್ಥಿನಿ:
ಅಣ್ಣನವರೇ, ನಾನು ಬಿ.ಎಸ್ಸಿ. ಎರಡನೇ ವರ್ಷ, ಗಣಿತ ನನ್ನ ವಿಷಯ. ಪಂದ್ಯದ ತೀರ್ಪನ್ನು ಹಿರಿಯರು ಕೊಡಲಿ. ನಾನು ಸಂಖ್ಯೆಯನ್ನು ಸ್ವಲ್ಪ ತಡವಿ ನೋಡಿದೆ. ಅಂಕಿಗಳನ್ನೆಲ್ಲ ಕೂಡಿದರೆ 2+8+3+1+6+8+4+6+5+9+2 = 54. 54 ಎಂಬುದು 27ರ ಎರಡರಷ್ಟು, ಆದ್ದರಿಂದ ಇಡೀ ಸಂಖ್ಯೆಯೂ 27ರಿಂದ ಭಾಗವಾಗುತ್ತದೆ. ಯಂತ್ರ ಬಾಯಿಗೆ ಬಂದದ್ದು ತುಂಬಿದ್ದರೆ ಇಂಥ ಅಚ್ಚುಕಟ್ಟು ಬರುತ್ತಿತ್ತೇ?

ಕುಷ್ಟಗಿ ಮಾಸ್ತರ:
ತಂಗಿ, ಉತ್ತರ ಸರಿ, ದಾರಿ ತಪ್ಪು. ಅಂಕಿಗಳ ಮೊತ್ತದ ಉಪಾಯ 3ಕ್ಕೂ 9ಕ್ಕೂ ಮಾತ್ರ ನಡೆಯುತ್ತದೆ, 27ಕ್ಕೆ ನಡೆಯುವುದಿಲ್ಲ. 1899 ತೆಗೆದುಕೊ. ಅಂಕಿಗಳ ಮೊತ್ತ 27. ಆದರೆ 27ರಿಂದ ಭಾಗಿಸಿದರೆ 9 ಶೇಷ ಉಳಿಯುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ, ಪ್ರತಿ ವರ್ಷ ಒಬ್ಬರಾದರೂ ಈ ಗುಂಡಿಗೆ ಬೀಳುತ್ತಿದ್ದರು.

27ಕ್ಕೆ ಬೇರೆ ಉಪಾಯವಿದೆ. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡು: 28, 316, 846, 592. ಕೂಡಿದರೆ 1,782. ಮತ್ತೆ ಗುಂಪು ಮಾಡಿದರೆ 1 + 782 = 783, ಅಂದರೆ 27 × 29. 999 ಎಂಬುದು 27 × 37 ಆಗಿರುವುದರಿಂದ ಇದು ನಡೆಯುತ್ತದೆ. ಈಗ ಧೈರ್ಯವಾಗಿ ಹೇಳು, ಸಂಖ್ಯೆ 27ರಿಂದ ಭಾಗವಾಗುತ್ತದೆ.

ಇನ್ನು ಗಂಗಾವತಿಯವರ ಮಗಳ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ, ಅವಳಿಗೆ ನನ್ನ ಶಾಬಾಸ್ ಹೇಳಿ. ಉತ್ತರ ಇಷ್ಟೇ: ಯಾರೂ ಅಳೆಯಲಿಲ್ಲ, ಅಳೆಯಬೇಕಾಗಿಯೂ ಇಲ್ಲ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಉದ್ದ ಸಾವಿರ ಅಡಿ, ಅಗಲ ಸಾವಿರ ಅಡಿ, ಎತ್ತರ ಸಾವಿರ ಅಡಿ ಇರುವ ಒಂದು ಹೌದನ್ನು, ಅಂದರೆ ನೀರಿನ ತೊಟ್ಟಿಯನ್ನು, ಕಣ್ಣ ಮುಂದೆ ತಂದುಕೊಳ್ಳಿ. ಲೀಟರ್ ಎಂದರೆ ಎಲ್ಲ ಕಡೆಗೂ 10 ಸೆಂಟಿಮೀಟರ್ ಇರುವ ಒಂದು ಡಬ್ಬಿ. ಒಂದು ಅಡಿ ಎಂದರೆ 30.48 ಸೆಂಟಿಮೀಟರ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಾಗಾದರೆ ಸಾವಿರ ಅಡಿಯ ಗೋಡೆಯ ಉದ್ದಕ್ಕೆ ಎಷ್ಟು ಡಬ್ಬಿ ಹಿಡಿಯುತ್ತವೆ? ಸರಿಯಾಗಿ 3,048. ಉದ್ದಕ್ಕೆ 3,048, ಅಗಲಕ್ಕೆ 3,048, ಎತ್ತರಕ್ಕೆ 3,048. ಮೂಲೆಯಲ್ಲಿ ಒಂದು ಕೂದಲೆಳೆಯ ಸಂದೂ ಉಳಿಯುವುದಿಲ್ಲ.

3048 × 3048 = 92,90,304
92,90,304 × 3048 = 28,31,68,46,592

ನಾವು ದಿನ ಬೆಳಗಾದರೆ ಉಚ್ಚರಿಸುವ ಟಿಎಂಸಿ ಲೀಟರ್ ಲೆಕ್ಕದಲ್ಲಿ ಒಂದು ಪೂರ್ಣ ಘನ. ಮಿರ್ಚಿ ಎರಡನೆಯವರಿಗೆ ಹೋಗಲಿ.

ಗಂಗಾವತಿ ಗದ್ದೆ:
ಮಾಸ್ತರರೇ, ಕಾಗದದ ಮೇಲೆ ನಾನೂ ಗುಣಿಸಿ ನೋಡಿದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಬಂತು. ನಲವತ್ತು ವರ್ಷ ಈ ನೀರಿನ ಮೇಲೆ ಭತ್ತ ಬೆಳೆದವನಿಗೆ ಇದು ಗೊತ್ತಿರಲಿಲ್ಲ.

ಬಳ್ಳಾರಿ ವಿದ್ಯಾರ್ಥಿನಿ:
ತಿದ್ದಿದ್ದಕ್ಕೆ ಧನ್ಯವಾದ ಸರ್. 1899 ನೋಡಿ ನಾಚಿಕೆಯಾಯಿತು.

ಪೂರ್ಣ ಘನ ಎಂದ ಮೇಲೆ ಉಳಿದದ್ದು ಸಲೀಸು. 3048 = 2 × 2 × 2 × 3 × 127. ಆದ್ದರಿಂದ ನಮ್ಮ ಸಂಖ್ಯೆ ಎಂದರೆ ಒಂಬತ್ತು ಎರಡುಗಳು, ಮೂರು ಮೂರುಗಳು, ಮೂರು 127ಗಳು, ಇವಿಷ್ಟರ ಗುಣಲಬ್ಧ. ಹನ್ನೊಂದು ಅಂಕಿಯ ಸಂಖ್ಯೆಯೊಳಗೆ ಮೂರೇ ಅವಿಭಾಜ್ಯ ಸಂಖ್ಯೆಗಳು. ಭಾಜಕಗಳು 10 × 4 × 4 = 160. ಅಂಕಿಗಳ ಮೊತ್ತವಾದ 54 ಕೂಡ ಆ ಭಾಜಕಗಳಲ್ಲಿ ಒಂದು. ಭಾಗಿಸಿದರೆ 52,43,86,048 ಬರುತ್ತದೆ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂಥ ಸಂಖ್ಯೆಗಳಿಗೆ ದೇವಳಾಲಿಯ ಶಾಲಾ ಶಿಕ್ಷಕ ದ.ರಾ. ಕಾಪ್ರೇಕರ್ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು.

ಆದರೆ 127 ಎಲ್ಲಿಂದ ಬಂತು ಎಂಬುದು ತಲೆ ತಿನ್ನುತ್ತಿದೆ. ಸಾವಿರ ಅಡಿಯಲ್ಲಿ 2 ಮತ್ತು 5 ಬಿಟ್ಟರೆ ಏನೂ ಇಲ್ಲವಲ್ಲ?

ಕುಷ್ಟಗಿ ಮಾಸ್ತರ:
ಇಂಚಿನಿಂದ ಬಂತು. ಒಂದು ಇಂಚು 25.4 ಮಿಲಿಮೀಟರ್. 254 ಎಂದರೆ 2 × 127. ಅಡಿ, ಗಜ, ಮೈಲಿ ಯಾವುದನ್ನಾದರೂ ಮೀಟರಿಗೆ ತಿರುಗಿಸಿ ನೋಡು, 127 ಬೆನ್ನು ಬಿಡುವುದಿಲ್ಲ. ಅದು 2ರ ಏಳನೇ ಘಾತಕ್ಕೆ ಒಂದು ಕಡಿಮೆ, ಮರ್ಸೆನ್ ಅವಿಭಾಜ್ಯ. ಇಂಚಿಗೂ ಮರ್ಸೆನ್ನನಿಗೂ ಸಂಬಂಧವೇನೂ ಇಲ್ಲ, ಸುಮ್ಮನೆ ಬಿದ್ದ ಜೊತೆ.

ಈಗ ನಿನಗೊಂದು ಪ್ರಶ್ನೆ. ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಯಿತು, 1953ರಲ್ಲಿ ನೀರು ನಿಂತಿತು. ಆಗ ಈ ಸಂಖ್ಯೆ ಎಷ್ಟಿತ್ತು?

ಬಳ್ಳಾರಿ ವಿದ್ಯಾರ್ಥಿನಿ:
ಆಗಲೂ ಇಷ್ಟೇ ಅಲ್ಲವೇ ಸರ್? ಸಂಖ್ಯೆ ಬದಲಾಗುತ್ತದೆಯೇ?

ಕುಷ್ಟಗಿ ಮಾಸ್ತರ:
ಸಂಖ್ಯೆ ಬದಲಾಗುವುದಿಲ್ಲ, ಅಳತೆಗೋಲು ಬದಲಾಗುತ್ತದೆ. ಇಂಚು ಸರಿಯಾಗಿ 25.4 ಮಿಲಿಮೀಟರ್ ಎಂದು ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಒಪ್ಪಿಕೊಂಡದ್ದು 1959ರಲ್ಲಿ. ಅದಕ್ಕೂ ಮೊದಲು ಆ ಎರಡು ದೇಶಗಳ ಇಂಚುಗಳೇ ಒಂದಕ್ಕೊಂದು ಸರಿಹೊಂದುತ್ತಿರಲಿಲ್ಲ. ಲೀಟರ್ ಕಥೆ ಇನ್ನೂ ಸ್ವಾರಸ್ಯ. 1901ರಿಂದ 1964ರವರೆಗೆ ಲೀಟರ್ ಎಂದರೆ ಡಬ್ಬಿಯಲ್ಲ, ಒಂದು ಕಿಲೋಗ್ರಾಂ ಶುದ್ಧ ನೀರು ಹಿಡಿಯುವ ಜಾಗ. ಅದು ನಮ್ಮ 10 ಸೆಂಟಿಮೀಟರ್ ಡಬ್ಬಿಗಿಂತ ಹತ್ತು ಲಕ್ಷಕ್ಕೆ ಸುಮಾರು 28 ಪಾಲಿನಷ್ಟು ದೊಡ್ಡದಿತ್ತು. ಇಡೀ ಟಿಎಂಸಿಗೆ ಲೆಕ್ಕ ಹಾಕಿದರೆ ಸುಮಾರು 7 ಲಕ್ಷ 90 ಸಾವಿರ ಲೀಟರ್ ವ್ಯತ್ಯಾಸ. 1964ರಲ್ಲಿ ಲೀಟರ್ ಮತ್ತೆ ಡಬ್ಬಿಗೆ ಬಂತು. ಇಂಚು ಮತ್ತು ಲೀಟರ್ ಎರಡೂ ನೆಟ್ಟಗೆ ನಿಂತ ಮೇಲೆಯೇ 28,31,68,46,592 ಪೂರ್ಣ ಸಂಖ್ಯೆಯಾಯಿತು. ಅಣೆಕಟ್ಟೆಗಿಂತ ಈ ಸಂಖ್ಯೆ ಹನ್ನೊಂದು ವರ್ಷ ಚಿಕ್ಕದು ತಂಗಿ.

ಕೊನೆಭಾಗದವನು:
ಅಂದರೆ 1964ರಲ್ಲಿ ಯಾರೋ ವಿದೇಶದಲ್ಲಿ ಕುಳಿತು ಸಹಿ ಹಾಕಿದ್ದಕ್ಕೆ ನಮ್ಮ ಟಿಎಂಸಿಗೆ ಎಂಟು ಲಕ್ಷ ಲೀಟರ್ ಜಾಸ್ತಿಯಾಯಿತು. ಅದೂ ನಮ್ಮವರೆಗೆ ಬರಲಿಲ್ಲ.

ಬಳ್ಳಾರಿ ವಿದ್ಯಾರ್ಥಿನಿ:
ಅಮೆರಿಕದ ಹಳೆಯ ಅಡಿಯನ್ನು ಹುಡುಕಿ ನೋಡಿದೆ ಸರ್. ಅವರ ಲೆಕ್ಕದಲ್ಲಿ ಮೀಟರ್ ಎಂದರೆ 39.37 ಇಂಚು. ಭೂಮಾಪನಕ್ಕೆ ಅದನ್ನು 2022ರ ಕೊನೆಯವರೆಗೂ ಇಟ್ಟುಕೊಂಡಿದ್ದರಂತೆ. 3937 = 31 × 127. ಅಲ್ಲಿಯೂ 127! ಆದರೆ ಅಲ್ಲಿ ಅದು ಛೇದದಲ್ಲಿ ಕುಳಿತುಕೊಳ್ಳುತ್ತದೆ, ಹಾಗಾಗಿ ಟಿಎಂಸಿ ಎಂದಿಗೂ ಪೂರ್ಣ ಲೀಟರ್ ಆಗುವುದಿಲ್ಲ. ಇನ್ನೂ ಒಂದು ತಮಾಷೆ: 3937 × 254 = 9,99,998. ಹತ್ತು ಲಕ್ಷಕ್ಕೆ ಎರಡೇ ಕಡಿಮೆ. ಎರಡು ಇಂಚುಗಳ ನಡುವಿನ ಇಡೀ ಜಗಳ ಆ ಎರಡರಲ್ಲಿದೆ. ಘನ ಮಾಡಿದಾಗ ಅದು ಮೂರು ಪಟ್ಟಾಗಿ, ಒಂದು ಟಿಎಂಸಿಗೆ ಸುಮಾರು 1 ಲಕ್ಷ 70 ಸಾವಿರ ಲೀಟರ್ ಹೆಚ್ಚುತ್ತದೆ.

ಮುನಿರಾಬಾದ್ ದಂಡೆ:
ಚರ್ಚೆ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. 1633 ಅಡಿ ಮಟ್ಟಕ್ಕೆ ಈಗ ಅಣೆಕಟ್ಟೆಯ ಸಾಮರ್ಥ್ಯ 105.788 ಟಿಎಂಸಿ ಎಂದು ಪತ್ರಿಕೆಗಳು ಬರೆಯುತ್ತವೆ. ಮೊದಲು ಅದು 133 ಇತ್ತು, ಉಳಿದ ಜಾಗವನ್ನು ಹೂಳು ತಿಂದಿತು. ಯಾರಾದರೂ ಮಾಸ್ತರರ ಸಂಖ್ಯೆಯಿಂದ ಅದನ್ನು ಗುಣಿಸಿ, ಅಣೆಕಟ್ಟೆಯಲ್ಲಿ ಇಷ್ಟೇ ಲೀಟರ್ ಎಂದು ಘೋಷಿಸಬೇಡಿ.

ಬಳ್ಳಾರಿ ವಿದ್ಯಾರ್ಥಿನಿ:
ಕ್ಷಮಿಸಿ, ಆಗಲೇ ಗುಣಿಸಿಬಿಟ್ಟೆ. 2 ಲಕ್ಷ 99 ಸಾವಿರದ 558 ಕೋಟಿ, 25 ಲಕ್ಷ, 67 ಸಾವಿರದ 274 ಲೀಟರ್, ಅದರ ಮೇಲೆ 496 ಮಿಲಿಲೀಟರ್. 496 ಎಂಬುದು ಪರಿಪೂರ್ಣ ಸಂಖ್ಯೆ ಸರ್. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ, 1+2+4+8+16+31+62+124+248, ತಾನೇ ಬರುತ್ತದೆ!

ಕುಷ್ಟಗಿ ಮಾಸ್ತರ:
ಖುಷಿ ಪಡು, ತಪ್ಪಿಲ್ಲ. ಆದರೆ ದಂಡೆಯವರ ಮಾತು ನೂರಕ್ಕೆ ನೂರು ಸರಿ. 3,048ರ ಘನ ಒಂದು ವ್ಯಾಖ್ಯೆಯಿಂದ ಹುಟ್ಟಿದ್ದು, ಅದರ ಪ್ರತಿ ಅಂಕಿಯೂ ನಿಜ. 105.788 ಎಂಬುದು ದೋಣಿಯಲ್ಲಿ ಹೋಗಿ ಆಳ ಅಳೆದು, ನಕ್ಷೆ ಬರೆದು ತೆಗೆದ ಅಂದಾಜು. ಅದರ ಕೊನೆಯ 8 ಹೋಗಿ 7 ಆದರೆ 2 ಕೋಟಿ 83 ಲಕ್ಷ ಲೀಟರ್ ಮಾಯವಾಗುತ್ತದೆ. ಅಲ್ಲಿ ನಿನ್ನ ಅರ್ಧ ಲೀಟರಿಗೆ ಏನು ಬೆಲೆ? ಹೋಟೆಲಿನಲ್ಲಿ ಕೊನೆಯ ಅಂಕಿಗಳು ಸುಳ್ಳು ಎಂದವರಿಗೂ ಅರ್ಧ ಮಿರ್ಚಿ ಕೊಡಬೇಕು. ಅವರು ತಪ್ಪು ಸಂಖ್ಯೆಯ ಬಗ್ಗೆ ಸರಿಯಾದ ಮಾತು ಹೇಳಿದ್ದಾರೆ.

ಗಂಗಾವತಿ ಗದ್ದೆ:
ಅರ್ಧ ಮಿರ್ಚಿಯ ವಿಷಯ ಅವರಿಗೆ ತಿಳಿಸಿದೆ. ಚಟ್ನಿಯೂ ಬೇಕಂತೆ.

ಸರಪಳಿ ಹಿಡಿದವನು:
ನಾನು ರಾಯಚೂರಿನವನು, ಭೂಮಾಪಕನಾಗಿ ನಿವೃತ್ತನಾಗಿದ್ದೇನೆ. ಎರಡು ದಿನದಿಂದ ಓದುತ್ತಿದ್ದೇನೆ. ಲೀಟರ್ ಪೇಟೆಯವರ ಲೆಕ್ಕ. ಹೊಲದವನು ಕೇಳುವುದು ಒಂದೇ: ಆ ನೀರನ್ನು ಒಂದು ಅಡಿ ನಿಲ್ಲಿಸಿದರೆ ಎಷ್ಟು ಜಮೀನು ಮುಳುಗುತ್ತದೆ?

ನಮ್ಮ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ ಒಂದು ಗುಂಟೆ, 33 × 33 = 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ 22,956 ಎಕರೆ, ಮೇಲೆ ಮೂವತ್ತಮೂರೂವರೆ ಗುಂಟೆಗೂ ಸ್ವಲ್ಪ ಹೆಚ್ಚು. ಇದನ್ನು ಕಚೇರಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಎಕರೆಗೆ ಹೋಗದೆ ನೇರವಾಗಿ ಗುಂಟೆಯಲ್ಲಿ ಎಷ್ಟು ಎಂದು ನೋಡಿರಲಿಲ್ಲ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ಕಾಗದ ತೆಗೆದುಕೊಂಡು ದಶಮಾಂಶಗಳನ್ನು ಎಳೆಯುತ್ತ ಹೋದೆ:

918273.6455463728191…

ಇದರಲ್ಲಿ ಏನೋ ಇದೆ ಎನಿಸುತ್ತದೆ. ಕಣ್ಣಿಗೆ ಹತ್ತುತ್ತಿದೆ, ಬುದ್ಧಿಗೆ ಹತ್ತುತ್ತಿಲ್ಲ.

ಗಂಗಾವತಿ ಗದ್ದೆ:
ಮಗಳಿಗೆ ತೋರಿಸಿದೆ. ಚುಕ್ಕೆಯನ್ನು ಬೆರಳಿನಿಂದ ಮುಚ್ಚಿಕೊಂಡು ಓದಿ ಎನ್ನುತ್ತಿದ್ದಾಳೆ: 9, 18, 27, 36, 45, 54, 63, 72, 81.

ಒಂಬತ್ತರ ಮಗ್ಗಿ! ಮನೆಯಲ್ಲಿ ಕುಣಿಯುತ್ತಿದ್ದಾಳೆ, ಅವಳ ಅಜ್ಜಿ ಏನಾಯಿತೆಂದು ಓಡಿ ಬಂದರು.

ಸರಪಳಿ ಹಿಡಿದವನು:
ಅಬ್ಬಾ. ಮೂವತ್ತೈದು ವರ್ಷ ಗುಂಟೆ ಅಳೆದೆ. ಮಗುವಿಗೆ ನನ್ನ ಆಶೀರ್ವಾದ.

ಆದರೆ 81ರ ನಂತರ 90 ಬರಬೇಕಿತ್ತು, 91 ಬಂದಿದೆ. ನಾನು ಎಲ್ಲಾದರೂ ತಪ್ಪಿದೆನೇ?

ಕುಷ್ಟಗಿ ಮಾಸ್ತರ:
ನೀವು ತಪ್ಪಿಲ್ಲ ಸರ್ವೆಯವರೇ. ನನಗೂ ಇದು ಹೊಸದು, ಗೊತ್ತಿತ್ತು ಎಂದು ಹೇಳಿ ದೊಡ್ಡವನಾಗುವುದಿಲ್ಲ. ಬೆಳಿಗ್ಗೆ ಎದ್ದು ಬಿಡಿಸಿದೆ.

1,089 × 9 = 9,801. ಅಂಕಿಗಳು ತಿರುಗಿ ನಿಂತವು, ನೋಡಿದಿರಾ? ಆ 9,801 ಎಂದರೆ 99 × 99. ಹಾಗಾಗಿ 1ನ್ನು 1,089ರಿಂದ ಭಾಗಿಸುವುದೂ, 9ನ್ನು 99ರಿಂದ ಎರಡು ಸಲ ಭಾಗಿಸುವುದೂ ಒಂದೇ.

1ನ್ನು 99ರಿಂದ ಭಾಗಿಸಿದರೆ 0.01 01 01 01… ಹೀಗೆ ನಡೆಯುತ್ತದೆ. ಇನ್ನೊಮ್ಮೆ 99ರಿಂದ ಭಾಗಿಸಿದರೆ 0.00 01 02 03 04… ಎಂದು ಎಣಿಕೆ ಶುರುವಾಗುತ್ತದೆ. ಅದನ್ನು ಒಂಬತ್ತರಿಂದ ಗುಣಿಸಿದರೆ 00 09 18 27 36… ಮಗ್ಗಿ ತಾನಾಗಿ ಬಂತು. ನೂರು ಕೋಟಿಯಿಂದ ಗುಣಿಸುವುದೆಂದರೆ ಚುಕ್ಕೆಯನ್ನು ಒಂಬತ್ತು ಮನೆ ಸರಿಸುವುದು, ಅಷ್ಟೆ. ಸರ್ವೆಯವರ ಕಾಗದದ ಮೇಲೆ ಬಿದ್ದದ್ದು ಅದೇ.

ಇನ್ನು 91. ಮಗ್ಗಿಯ ಪ್ರಕಾರ 81, 90, 99, 108 ಎಂದು ಹೋಗಬೇಕು. ಒಂದೊಂದಕ್ಕೂ ಇರುವುದು ಎರಡೇ ಅಂಕಿಯ ಮನೆ. 108ರ 1 ಹಿಡಿಸದೆ ಪಕ್ಕದ 99ರ ಮೇಲೆ ಬೀಳುತ್ತದೆ. 99 ನೂರಾಗಿ, ತಾನೂ ಹಿಡಿಸದೆ 1ನ್ನು 90ಕ್ಕೆ ದಾಟಿಸುತ್ತದೆ. 90 ಹೋಗಿ 91 ಆಯಿತು, 99ರ ಜಾಗದಲ್ಲಿ 00 ಉಳಿಯಿತು. ಅತ್ತ 117ರ ದಶಕ 108ರಲ್ಲಿ ಉಳಿದ 08ಕ್ಕೆ ಸೇರಿ 09 ಆಗುತ್ತದೆ. 00, 09… ಮಗ್ಗಿ ಮೊದಲಿನಿಂದ ಶುರು! ಇಪ್ಪತ್ತೆರಡು ಅಂಕಿಗಳಿಗೊಮ್ಮೆ ಇದು ಕೊನೆಯಿಲ್ಲದೆ ತಿರುಗುತ್ತಲೇ ಇರುತ್ತದೆ. ಇಂದು ಶಾಲೆಯಲ್ಲಿ ಇರಬೇಕಿತ್ತು ಎನಿಸಿತು.

ಮುನಿರಾಬಾದ್ ದಂಡೆ:
ಅಣೆಕಟ್ಟೆಗೂ 33 ಕ್ರೆಸ್ಟ್ ಗೇಟ್, ಸರಪಳಿಗೂ 33 ಅಡಿ. 2024ರ ಆಗಸ್ಟ್‌ನಲ್ಲಿ 19ನೆಯದು ಕೊಚ್ಚಿಹೋದಾಗ ಎಷ್ಟು ಟಿಎಂಸಿ ಹರಿಯಿತು ಎಂದು ಇಡೀ ಜಿಲ್ಲೆ ಎಣಿಸುತ್ತಿತ್ತು. ಮಗ್ಗಿ ಎಣಿಸುತ್ತಿದ್ದೇವೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಗೇಟ್ ಮತ್ತು ಸರಪಳಿ ಕಾಕತಾಳೀಯ ಎಂದು ಮಾಸ್ತರರು ಬೈಯುವ ಮೊದಲೇ ಒಪ್ಪಿಕೊಳ್ಳುತ್ತೇನೆ.

ಬಳ್ಳಾರಿ ವಿದ್ಯಾರ್ಥಿನಿ:
ಕ್ಯೂಸೆಕ್ ಲೆಕ್ಕವನ್ನೂ ನೋಡಿದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ದಿನಕ್ಕೆ 86,400 ಸೆಕೆಂಡ್. ಒಂದು ದಿನದಲ್ಲಿ ಒಂದು ಟಿಎಂಸಿ ಹರಿಯಬೇಕಾದರೆ 11574.074074074… ಕ್ಯೂಸೆಕ್. ಇಲ್ಲಿ 074 ಕೊನೆಯಿಲ್ಲದೆ ಮರಳುತ್ತದೆ. 86,400ರೊಳಗೆ 27 ಅಡಗಿದೆ, 27 × 37 = 999. ಮೊನ್ನೆ ನಾನು ಬಿದ್ದ ಗುಂಡಿಯಿಂದ ಮಾಸ್ತರರು ಎತ್ತಿದ್ದು ಇದೇ ಹಗ್ಗದಿಂದ.

ಇನ್ನೊಂದು. ಸಾವಿರ ಅಡಿಯ ಹೌದನ್ನು ಎರಡು ಚಿಕ್ಕ ಹೌದುಗಳಾಗಿ ಒಡೆಯೋಣ ಎಂದುಕೊಳ್ಳಿ. ಎರಡೂ ಘನಾಕಾರದಲ್ಲಿರಬೇಕು, ಗೋಡೆಗಳು ಪೂರ್ಣ ಡಬ್ಬಿಗಳ ಲೆಕ್ಕದಲ್ಲಿ ಇರಬೇಕು. ಸಾಧ್ಯವೇ ಇಲ್ಲ! ಒಂದು ಘನ ಎರಡು ಘನಗಳಾಗಿ ಒಡೆಯುವುದಿಲ್ಲ ಎಂದು ಫರ್ಮಾ ಹೇಳಿದ್ದ, ಆಯ್ಲರ್ ಅದನ್ನು ಸಾಧಿಸಲು ದಾರಿ ತೋರಿಸಿದ. ಆದರೆ ಮೂರು ಹೌದುಗಳಾಗಿ ಒಡೆಯುತ್ತದೆ. 27 + 64 + 125 = 216, ಅಂದರೆ 3, 4, 5ರ ಘನಗಳನ್ನು ಕೂಡಿದರೆ 6ರ ಘನ. 3048 ಎಂದರೆ 6 × 508. ಹಾಗಾಗಿ 1,524, 2,032 ಮತ್ತು 2,540 ಡಬ್ಬಿಗಳ ಗೋಡೆಯಿರುವ ಮೂರು ಹೌದುಗಳು ಒಂದು ಟಿಎಂಸಿಯನ್ನು ಹನಿ ಚೆಲ್ಲದೆ ಹಿಡಿಯುತ್ತವೆ.

ಸರಪಳಿ ಹಿಡಿದವನು:
ಮೂರು ಜಿಲ್ಲೆಗೆ ಮೂರು ಹೌದು. ಕೊಪ್ಪಳ, ರಾಯಚೂರು, ಬಳ್ಳಾರಿ. ದೊಡ್ಡದು ಯಾರಿಗೆ ಎಂದು ಮಾತ್ರ ಕೇಳಬೇಡಿ.

ಕೊನೆಭಾಗದವನು:
ನಾನು ಕೇಳುತ್ತೇನೆ. ಇಷ್ಟು ದಿನ ಸುಮ್ಮನೆ ಓದಿದೆ, ಈಗ ನನ್ನದೂ ಒಂದು ಭಾಗಾಕಾರ. 160 ಭಾಜಕಗಳು ಎಂದಿರಿ. 127 ಹಳ್ಳಿಗಳಿಗೆ ಹಂಚಿದರೆ ತಲಾ 22,29,67,296 ಲೀಟರ್, ಶೇಷವಿಲ್ಲ. ಮಾಡಿ ನೋಡಿದೆ, ಸರಿಯಾಗಿದೆ. ನಮ್ಮ ಉಪಕಾಲುವೆಯಲ್ಲಿ ನಾವು ಹತ್ತು ಮಂದಿ ಇದ್ದೇವೆ. ಹತ್ತರಿಂದ ಭಾಗಿಸಿದರೆ?

ಬಳ್ಳಾರಿ ವಿದ್ಯಾರ್ಥಿನಿ:
ಸಂಖ್ಯೆಯಲ್ಲಿ 5 ಇಲ್ಲವಲ್ಲ ಅಣ್ಣನವರೇ, ಸಮವಾಗಿ ಹೋಗುವುದಿಲ್ಲ. ತಲಾ 2,83,16,84,659 ಲೀಟರ್, ಶೇಷ 2.

ಕೊನೆಭಾಗದವನು:
ಗಂಗಾವತಿಯವರೇ, ನಿಮ್ಮ ಮಗಳಿಗೆ ಹೇಳಿ. ಆ ಕೊನೆಯ ಎರಡು ಲೀಟರ್ ಸಿಕ್ಕಿತು, ಕಾಲುವೆಯ ತುದಿಯಲ್ಲಿ ನಾನೇ ಕೊಡ ಹಿಡಿದು ನಿಂತಿದ್ದೇನೆ.